ನೆಪವೇ ವ್ಯಾಧಿಯಾದಾಗ – ಮಾನವಿಯ ಶ್ರೀ ಜಗನ್ನಾಥದಾಸರ ಚರಿತ್ರೆ

ಭಾದ್ರಪದ ಶುದ್ಧ ನವಮಿಯು ಮಾನವಿಯ ಶ್ರೀ ಜಗನ್ನಾಥದಾಸರ ಆರಾಧನೆಯ ಪುಣ್ಯದಿನ. ಹುಟ್ಟೂರನ್ನು ಬಿಟ್ಟು ದೂರದ ನಗರಗಳಲ್ಲಿ ನೆಲೆಸಿರುವ ನಮ್ಮ ಮನೆತನಗಳಲ್ಲಿಯೂ, ಭಜನಾಮಂಡಲಿಗಳಲ್ಲಿಯೂ ಅವರ ಹರಿಕಥಾಮೃತಸಾರದ ಪಾರಾಯಣವು ತಪ್ಪದೆ ನಡೆದುಕೊಂಡು ಬಂದಿದೆ. ಕನ್ನಡ ಅಕ್ಷರವನ್ನು ಓದಲಾರದ ಮಕ್ಕಳೂ ಅಜ್ಜಿಯ ಬಾಯಿಂದ ಕೇಳಿ ಅದರ ಕೆಲವು ಪದ್ಯಗಳನ್ನು ಕಲಿತಿರುವುದುಂಟು. ಇಂತಹ ಗ್ರಂಥವನ್ನು ನಮಗೆ ಕರುಣಿಸಿದ ಮಹಾನುಭಾವರ ಜೀವನವನ್ನು ಆರಾಧನೆಯ ನಿಮಿತ್ತ ಸ್ಮರಿಸುವುದು ನಮ್ಮ ಕರ್ತವ್ಯ.

ದಾಸರ ಚರಿತ್ರೆಯನ್ನು ಹೇಳುವಾಗ ನಾವು ಅವರ ಮಹಿಮೆಗಳನ್ನು ವಿಸ್ತಾರವಾಗಿ ಹೇಳುತ್ತೇವೆ. ಆದರೆ ಈ ಚರಿತ್ರೆಯ ತಿರುವಿನ ಘಟ್ಟದಲ್ಲಿರುವುದು ಒಂದು ಸುಳ್ಳು. ಊಟಕ್ಕೆ ಕರೆದವರಿಗೆ ಬರಲಾಗದೆಂದು ತಿಳಿಸಲು ಹೇಳಿದ ಸಣ್ಣದೊಂದು ನೆಪ. ಇಂತಹ ನೆಪವನ್ನು ಹೇಳದವರು ನಮ್ಮಲ್ಲಿ ಯಾರೂ ಇರಲಾರರು. ನಮ್ಮ ಹಿರಿಯರು ಈ ಪ್ರಸಂಗವನ್ನು ಮುಚ್ಚಿಡದೆ, ಆರಾಧನೆಯ ದಿನವೇ ಎಲ್ಲರ ಮುಂದೆ ಹೇಳುತ್ತ ಬಂದಿದ್ದಾರೆ. ಅದಕ್ಕೆ ಕಾರಣವೇನೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಜನನ ಮತ್ತು ವಿದ್ಯಾಭ್ಯಾಸ

ಇಂದಿನ ರಾಯಚೂರು ಜಿಲ್ಲೆಯ ಮಾನವಿಯ ಸಮೀಪದಲ್ಲಿರುವ ಬ್ಯಾಗವಟ್ಟಿ ಎಂಬ ಗ್ರಾಮವು ದಾಸರ ಜನ್ಮಸ್ಥಳ. ಕೀಲಕ ಸಂವತ್ಸರದ ಶ್ರಾವಣ ಮಾಸದಲ್ಲಿ, ಅಂದರೆ 1728ರಲ್ಲಿ, ನರಸಿಂಹಾಚಾರ್ಯ ಮತ್ತು ಲಕ್ಷ್ಮೀಬಾಯಿ ದಂಪತಿಗಳ ಉದರದಲ್ಲಿ ಅವರು ಜನಿಸಿದರು. ತಂದೆತಾಯಿಗಳು ಇಟ್ಟ ಹೆಸರು ಶ್ರೀನಿವಾಸ. ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಈ ನಾಡು ಅಂದು ನಿಜಾಮರ ಆಡಳಿತದಲ್ಲಿತ್ತು. ಹೈದರಾಬಾದಿನಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳ ಮೂಲವೂ ಇದೇ ಸೀಮೆಯೇ ಆಗಿದೆ.

ಬಾಲಕನಾದ ಶ್ರೀನಿವಾಸನು ಅಸಾಧಾರಣವಾದ ಮೇಧಾಶಕ್ತಿಯುಳ್ಳವನು. ಶ್ರೀ ರಾಘವೇಂದ್ರಸ್ವಾಮಿಗಳ ಪರಂಪರೆಯಲ್ಲಿ ಬಂದ ಶ್ರೀ ವರದೇಂದ್ರತೀರ್ಥರ ಬಳಿಯಲ್ಲಿ ಅವರಿಗೆ ವೇದಾಂತಶಾಸ್ತ್ರದ ಪಾಠವು ದೊರೆಯಿತು. ಈ ಶ್ರೀಗಳವರ ವೃಂದಾವನವು ಪುಣೆಯಲ್ಲಿದೆ ಎಂಬುದನ್ನು ಅಲ್ಲಿಯ ವಾಚಕರು ಬಲ್ಲರು. ವ್ಯಾಕರಣ, ತರ್ಕ, ಶ್ರೀಮದಾಚಾರ್ಯರ ಗ್ರಂಥಗಳು, ಟೀಕಾಕೃತ್ಪಾದರ ವ್ಯಾಖ್ಯಾನಗಳು ಇವೆಲ್ಲವನ್ನೂ ಅಧ್ಯಯನ ಮಾಡಿ, ಇನ್ನೂ ತಾರುಣ್ಯದಲ್ಲಿರುವಾಗಲೇ ಅವರು ಶ್ರೀನಿವಾಸಾಚಾರ್ಯರೆಂದು ಪ್ರಸಿದ್ಧರಾದರು. ಮಾನವಿಯಲ್ಲಿ ನೆಲೆಸಿ ಶಿಷ್ಯರಿಗೆ ಪಾಠಪ್ರವಚನಗಳನ್ನು ನಡೆಸತೊಡಗಿದರು. ವಾದದಲ್ಲಿ ಅವರನ್ನು ಎದುರಿಸುವವರು ಆ ಪ್ರಾಂತದಲ್ಲಿ ವಿರಳರಾಗಿದ್ದರು.

ವಿದ್ಯೆಯು ವಿನಯವನ್ನು ತರಬೇಕು. ಆದರೆ ವಿದ್ಯೆಗೂ ವಿನಯಕ್ಕೂ ನಡುವೆ ಒಂದು ಇಕ್ಕಟ್ಟಾದ ದಾರಿಯುಂಟು. ಜನರ ಹೊಗಳಿಕೆಯು ಆ ದಾರಿಯಲ್ಲಿಯೇ ಎದುರಾಗುತ್ತದೆ. ತಾವು ಓದಿದ್ದನ್ನು ಓದದವರು ತಮಗಿಂತ ಕಡಿಮೆಯವರೆಂಬ ಭಾವನೆಯು ಯುವಕರಾದ ಆಚಾರ್ಯರ ಮನಸ್ಸಿನಲ್ಲಿ ಬೇರೂರಿತು. ಸಂಸ್ಕೃತದಲ್ಲಿ ಹೇಳಿದರೆ ಮಾತ್ರ ತತ್ತ್ವ, ಕನ್ನಡದ ಹಾಡು ಎಂದರೆ ಹೆಂಗಸರಿಗೂ ಪಾಮರರಿಗೂ ಸಮಾಧಾನ ಹೇಳುವ ಸಾಧನ ಎಂಬ ತಿಳಿವಳಿಕೆಯು ಅಂದಿನ ಕೆಲವು ಪಂಡಿತರಲ್ಲಿತ್ತು. ಶ್ರೀನಿವಾಸಾಚಾರ್ಯರೂ ಅದನ್ನು ಪ್ರಶ್ನಿಸಲಿಲ್ಲ.

ಶ್ರೀ ವಿಜಯದಾಸರು

ಅದೇ ಸೀಮೆಯಲ್ಲಿ ಆಗ ಶ್ರೀ ವಿಜಯದಾಸರು ಸಂಚರಿಸುತ್ತಿದ್ದರು. ತುಂಗಭದ್ರೆಯ ತೀರದ ಚೀಕಲಪರ್ವಿಯಲ್ಲಿ 1682ರಲ್ಲಿ ಬಡಕುಟುಂಬದಲ್ಲಿ ಹುಟ್ಟಿದ ದಾಸಪ್ಪನೇ ಮುಂದೆ ವಿಜಯದಾಸರಾದುದು. 1564ರಲ್ಲಿ ಶ್ರೀ ಪುರಂದರದಾಸರು ಹರಿಪಾದವನ್ನು ಸೇರಿದರು. ಮರುವರ್ಷವೇ ವಿಜಯನಗರವು ಪತನಹೊಂದಿತು. ಆಶ್ರಯವಿಲ್ಲದೆ ಕ್ಷೀಣಿಸಿದ್ದ ದಾಸಕೂಟಕ್ಕೆ ಮತ್ತೆ ಜೀವವನ್ನು ತುಂಬಿದವರು ಇವರು. ಪುರಂದರದಾಸರೇ ಸ್ವಪ್ನದಲ್ಲಿ ಬಂದು ಇವರಿಗೆ ಅಂಕಿತವನ್ನು ಅನುಗ್ರಹಿಸಿದರೆಂಬುದು ಸಂಪ್ರದಾಯ. ಅವರ ಸುಳಾದಿಗಳಲ್ಲಿ ಶಾಸ್ತ್ರದ ಗಹನವಾದ ಪ್ರಮೇಯಗಳು ಅಡಗಿವೆ. ಆದರೆ ಅವರು ಯಾವ ಪಂಡಿತಸಭೆಯಲ್ಲಿಯೂ ಕುಳಿತು ವಾದಿಸಿದವರಲ್ಲ. ತಂಬೂರಿಯನ್ನು ಹಿಡಿದು, ಗೆಜ್ಜೆಯನ್ನು ಕಟ್ಟಿ, ಬೀದಿಯಲ್ಲಿ ಹಾಡುತ್ತ ಬರುವ ವೃದ್ಧರನ್ನು ಕಂಡು ಶಾಸ್ತ್ರವನ್ನು ಓದಿದವರು ಮುಖವನ್ನು ತಿರುಗಿಸಿಕೊಳ್ಳುವುದು ಆ ಕಾಲಕ್ಕೆ ಹೊಸದೇನೂ ಆಗಿರಲಿಲ್ಲ.

ಆಹ್ವಾನ ಮತ್ತು ನೆಪ

ಒಮ್ಮೆ ಶ್ರೀ ವಿಜಯದಾಸರು ಶಿಷ್ಯಪರಿವಾರದೊಡನೆ ಮಾನವಿಗೆ ಬಂದರು. ದೇವರ ಪೂಜೆ, ಭಜನೆ, ಬ್ರಾಹ್ಮಣಸಂತರ್ಪಣೆಗಳು ಏರ್ಪಟ್ಟವು. ಊರಿನ ಹಿರಿಯ ವಿದ್ವಾಂಸರಾದ ಶ್ರೀನಿವಾಸಾಚಾರ್ಯರೂ ಪ್ರಸಾದಕ್ಕೆ ಬರಬೇಕೆಂದು ದಾಸರು ಶಿಷ್ಯರೊಬ್ಬರ ಮೂಲಕ ವಿನಯಪೂರ್ವಕವಾಗಿ ಹೇಳಿಕಳುಹಿಸಿದರು.

ಪರಂಪರೆಯಲ್ಲಿ ಈ ಪ್ರಸಂಗವು ಸಣ್ಣಪುಟ್ಟ ವ್ಯತ್ಯಾಸಗಳೊಂದಿಗೆ ಬಂದಿದ್ದರೂ ಮುಖ್ಯಾಂಶವು ಒಂದೇ. ಆಚಾರ್ಯರಿಗೆ ಹೋಗಲು ಮನಸ್ಸಿಲ್ಲ. ಹಾಡಿಕೊಂಡು ತಿರುಗುವವರ ಮನೆಯ ಪಂಕ್ತಿಯಲ್ಲಿ ತಾವು ಕುಳಿತರೆ ತಮ್ಮ ಗೌರವಕ್ಕೆ ಕುಂದು ಎಂಬ ಭಾವನೆ. ಆದರೆ ಅದನ್ನು ಬಾಯಿಬಿಟ್ಟು ಹೇಳುವುದು ಸಭ್ಯತೆಯಲ್ಲ. ಆದುದರಿಂದ ತಮಗೆ ಉದರವ್ಯಾಧಿಯಿದೆ, ಹೊತ್ತು ಮೀರಿ ಊಟ ಮಾಡಿದರೆ ಹೊಟ್ಟೆಯ ನೋವು ಬರುತ್ತದೆ, ಬರಲಾಗುವುದಿಲ್ಲ ಎಂದು ಹೇಳಿಕಳುಹಿಸಿ, ತಮ್ಮ ಮನೆಯಲ್ಲಿಯೇ ಊಟವನ್ನು ಮುಗಿಸಿದರು. ಶಿಷ್ಯರು ಬಂದು ಈ ಮಾತನ್ನು ತಿಳಿಸಿದಾಗ ವಿಜಯದಾಸರು ಕೋಪಿಸಿಕೊಳ್ಳಲಿಲ್ಲ. ಹಾಗೆಯೇ ಆಗಲಿ ಎಂದಷ್ಟೇ ಹೇಳಿ ಸುಮ್ಮನಾದರು.

ಸ್ವಲ್ಪ ಕಾಲದಲ್ಲಿಯೇ ಶ್ರೀನಿವಾಸಾಚಾರ್ಯರಿಗೆ ನಿಜವಾಗಿಯೂ ಉದರಶೂಲೆಯು ಕಾಣಿಸಿಕೊಂಡಿತು. ತಿಂದ ಅನ್ನವು ನಿಲ್ಲದಾಯಿತು. ಔಷಧಗಳು ಫಲಿಸಲಿಲ್ಲ. ಶರೀರವು ದಿನದಿನಕ್ಕೆ ಕೃಶವಾಯಿತು. ಸಾವಿರ ಪ್ರಮಾಣಗಳನ್ನು ಕಂಠಸ್ಥ ಮಾಡಿದ ಪಂಡಿತರು ಒಂದು ತುತ್ತು ಅನ್ನವನ್ನು ಅರಗಿಸಿಕೊಳ್ಳಲಾರದವರಾದರು.

ಪರವಂಚನೆ, ಆತ್ಮವಂಚನೆ

ಇದನ್ನು ಶಾಪದ ಕಥೆಯೆಂದು ಕೇಳಿ ಬಿಟ್ಟುಬಿಡುವುದು ಸುಲಭ. ಮಹಾತ್ಮರನ್ನು ಅವಮಾನಿಸಿದರೆ ಕೇಡು ತಪ್ಪದು ಎಂಬ ಭಯವು ನಮಗೆ ಒಳ್ಳೆಯದೇ. ಆದರೆ ವಿಜಯದಾಸರು ಹೊಸದಾಗಿ ಏನನ್ನೂ ವಿಧಿಸಲಿಲ್ಲ ಎಂಬುದನ್ನು ಗಮನಿಸಬೇಕು. ಆಚಾರ್ಯರು ಹೇಳಿಕಳುಹಿಸಿದ ಮಾತನ್ನೇ ಅವರು ಒಪ್ಪಿಕೊಂಡರು. ಹೇಳಿದವರಿಗೆ ಅದು ಬರೀ ನೆಪವಾಗಿತ್ತು, ಕೇಳಿದವರು ಅದನ್ನು ಸತ್ಯವೆಂದು ಸ್ವೀಕರಿಸಿದರು.

ಇಲ್ಲಿ ಎರಡು ವಂಚನೆಗಳಿವೆ. ಹೊಟ್ಟೆನೋವಿದೆ ಎಂದು ದಾಸರಿಗೆ ಹೇಳಿಕಳುಹಿಸಿದುದು ಪರವಂಚನೆ. ಅದು ಎಲ್ಲರಿಗೂ ಕಾಣುತ್ತದೆ. ಅದಕ್ಕಿಂತ ಮೊದಲೇ, ಬಹಳ ಮೊದಲೇ, ಮತ್ತೊಂದು ವಂಚನೆಯು ನಡೆದಿತ್ತು. ತಮ್ಮ ವಿದ್ಯೆಯು ತಮ್ಮ ಸ್ವಂತ ಸಂಪಾದನೆ, ಅದರ ಅಳತೆಗೋಲಿನಿಂದ ಇತರರನ್ನು ಅಳೆಯಬಹುದು ಎಂದು ಆಚಾರ್ಯರು ತಮ್ಮನ್ನು ತಾವೇ ನಂಬಿಸಿಕೊಂಡಿದ್ದರು. ಅದು ಆತ್ಮವಂಚನೆ. ಮೊದಲು ತನಗೆ ಸುಳ್ಳು ಹೇಳಿಕೊಂಡವನಿಗೆ ಇನ್ನೊಬ್ಬರಿಗೆ ಸುಳ್ಳು ಹೇಳುವುದು ಕಷ್ಟವೆನಿಸುವುದಿಲ್ಲ. ಅದು ಸುಳ್ಳೆಂದು ಅವನಿಗೆ ತೋರುವುದೂ ಇಲ್ಲ, ಸಭ್ಯತೆಯೆಂದೇ ತೋರುತ್ತದೆ.

ನಮ್ಮ ಸಿದ್ಧಾಂತದ ದೃಷ್ಟಿಯಿಂದಲೂ ಇದನ್ನು ನೋಡಬೇಕು. ಶ್ರೀಮದಾಚಾರ್ಯರ ಮತದಲ್ಲಿ ಜಗತ್ತು ಸತ್ಯ. ಜೀವರು ಸತ್ಯ, ಅವರಲ್ಲಿ ಒಬ್ಬರಿಂದೊಬ್ಬರಿಗಿರುವ ಭೇದವೂ ಸತ್ಯ. ನಮ್ಮೆದುರು ನಿಂತಿರುವ ಮನುಷ್ಯನು ತೋರಿ ಅಡಗುವ ಮಾಯೆಯಲ್ಲ. ಅವನಿಗೆ ನಮ್ಮ ಮಾತಿನಿಂದಾಗುವ ನೋವೂ ನಿಜವಾದದ್ದೇ. ಆದುದರಿಂದ ಒಬ್ಬರಿಗೆ ಹೇಳಿದ ಸುಳ್ಳು ಗಾಳಿಯಲ್ಲಿ ಕರಗಿಹೋಗುವುದಿಲ್ಲ. ಇನ್ನು, ಜೀವನು ಸ್ವತಂತ್ರನಲ್ಲ, ಅವನ ಕರ್ತೃತ್ವವು ಭಗವಂತನ ಅಧೀನ ಎಂಬುದೇ ಸಿದ್ಧಾಂತದ ತಿರುಳು. ಇದನ್ನು ಪಾಠದಲ್ಲಿ ಪ್ರತಿದಿನವೂ ಹೇಳುತ್ತಿದ್ದವರು ತಮ್ಮ ವಿಷಯದಲ್ಲಿ ಮಾತ್ರ ಅದನ್ನು ಮರೆತಿದ್ದರು. ತಿಳಿದಿದ್ದೂ ಮರೆಯುವ ಈ ಮರೆವೇ ಆತ್ಮವಂಚನೆಯ ಸ್ವರೂಪ. ಅಜ್ಞಾನಿಯು ಓದಿ ತಿದ್ದಿಕೊಳ್ಳಬಹುದು. ಓದಿಯೂ ಮರೆತವನನ್ನು ಅವನ ಓದು ತಿದ್ದಲಾರದು.

ಮಂತ್ರಾಲಯದ ಆದೇಶ

ಔಷಧಗಳು ಸೋತಮೇಲೆ ಆಚಾರ್ಯರು ತಮ್ಮ ಗುರುಪರಂಪರೆಯ ಮೂಲಸ್ಥಾನವಾದ ಮಂತ್ರಾಲಯಕ್ಕೆ ಬಂದು ಶ್ರೀ ರಾಘವೇಂದ್ರಸ್ವಾಮಿಗಳ ಸೇವೆಗೆ ನಿಂತರು. ಶ್ರೀರಾಯರು ಅಲ್ಲಿ ಸಶರೀರವಾಗಿ ವೃಂದಾವನಪ್ರವೇಶ ಮಾಡಿದ್ದು 1671ರಲ್ಲಿ. ಆಚಾರ್ಯರ ಕಾಲಕ್ಕಾಗಲೇ ವ್ಯಾಧಿಗ್ರಸ್ತರು ಅಲ್ಲಿಗೆ ಬಂದು ಸೇವೆ ಮಾಡಿ ಗುಣಹೊಂದುತ್ತಿದ್ದರು. ಅಂತೆಯೇ ತಮಗೂ ಆಗುವುದೆಂದು ಆಚಾರ್ಯರು ನಂಬಿದ್ದರು.

ರಾಯರು ಸ್ವಪ್ನದಲ್ಲಿ ಅನುಗ್ರಹಿಸಿದರು. ಆದರೆ ವ್ಯಾಧಿಯನ್ನು ತಾವೇ ಪರಿಹರಿಸಲಿಲ್ಲ. ವಿಜಯದಾಸರಲ್ಲಿ ಅಪರಾಧವಾಗಿದೆ, ಅವರಲ್ಲಿಗೇ ಹೋಗಿ ಶರಣಾಗತರಾಗಬೇಕು ಎಂದು ಆದೇಶಿಸಿದರು.

ಈ ಆದೇಶವು ಬಹಳ ಮನನಯೋಗ್ಯವಾದುದು. ರಾಯರಿಗೆ ಒಂದು ಹೊಟ್ಟೆನೋವನ್ನು ಕಳೆಯುವುದು ಅಶಕ್ಯವೇ? ಅಂದು ಮಂತ್ರಾಲಯದಲ್ಲಿಯೇ ವ್ಯಾಧಿಯು ಕಳೆದಿದ್ದರೆ ಆಚಾರ್ಯರು ನೆಮ್ಮದಿಯಿಂದ ಮಾನವಿಗೆ ಹಿಂದಿರುಗುತ್ತಿದ್ದರು. ದೊಡ್ಡ ಗುರುಗಳ ಸೇವೆಯಿಂದ ದೊಡ್ಡ ಫಲವನ್ನು ಪಡೆದೆನೆಂಬ ಹೊಸದೊಂದು ಹೆಮ್ಮೆಯೂ ಹಳೆಯದರ ಜೊತೆಗೆ ಸೇರುತ್ತಿತ್ತು. ವಿಜಯದಾಸರಿಗೂ ಅವರಿಗೂ ನಡುವೆ ಆದದ್ದು ಹಾಗೆಯೇ ಉಳಿಯುತ್ತಿತ್ತು. ಒಬ್ಬ ಮನುಷ್ಯನಿಗೆ ಮಾಡಿದ ಅಪರಾಧವನ್ನು ಬೇರೊಂದು ಕ್ಷೇತ್ರದಲ್ಲಿ ಪ್ರದಕ್ಷಿಣೆ ಹಾಕಿ ಕಳೆದುಕೊಳ್ಳಲಾಗದು. ಯಾರಲ್ಲಿ ಅಪರಾಧವಾಗಿದೆಯೋ ಅವರ ಮುಂದೆಯೇ ತಲೆಬಾಗಬೇಕು. ಸ್ವಯಂ ರಾಯರೇ ಈ ವಿಧಿಯನ್ನು ಮೀರಲಿಲ್ಲವೆಂದರೆ ನಮ್ಮಂಥವರ ಮಾತೇನು?

ಉತ್ತನೂರಿನ ಜೋಳದ ರೊಟ್ಟಿ

ಆಚಾರ್ಯರು ವಿಜಯದಾಸರನ್ನು ಕಂಡು ಪಾದಗಳಿಗೆರಗಿ ಕ್ಷಮೆಯನ್ನು ಯಾಚಿಸಿದರು. ದಾಸರು ಅವರನ್ನು ಪ್ರೀತಿಯಿಂದಲೇ ಬರಮಾಡಿಕೊಂಡರು. ಅವರ ಮನಸ್ಸಿನಲ್ಲಿ ಯಾವ ಕಹಿಯೂ ಇರಲಿಲ್ಲ. ಆದರೂ ಪರಿಹಾರಕ್ಕಾಗಿ ಅವರು ಆಚಾರ್ಯರನ್ನು ಮತ್ತೊಂದು ಸ್ಥಳಕ್ಕೆ ಕಳುಹಿಸಿದರು. ಉತ್ತನೂರಿನಲ್ಲಿರುವ ತಮ್ಮ ಶಿಷ್ಯರಾದ ಗೋಪಾಲದಾಸರ ಬಳಿಗೆ ಹೋಗಬೇಕೆಂದು ಅಪ್ಪಣೆಯಾಯಿತು.

ಶ್ರೀ ಗೋಪಾಲದಾಸರು ರಾಯಚೂರು ಸೀಮೆಯ ಮೊಸರಕಲ್ಲಿನಲ್ಲಿ ಜನಿಸಿದವರು. ಪೂರ್ವಾಶ್ರಮದ ಹೆಸರು ಭಾಗಣ್ಣ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಬಡತನದಲ್ಲಿ ಬೆಳೆದು, ಗಾಯತ್ರೀಜಪದ ಬಲದಿಂದ ಸಿದ್ಧಿಯನ್ನು ಪಡೆದವರು. ಭಕ್ತಿಯಲ್ಲಿ ಭಾಗಣ್ಣನೆಂದು ಅವರ ಖ್ಯಾತಿಯು ಇಂದಿಗೂ ಜನರ ಬಾಯಲ್ಲಿದೆ. ಅವರು ನೆಲೆಸಿದ್ದ ಉತ್ತನೂರು ಈಗ ತೆಲಂಗಾಣ ರಾಜ್ಯಕ್ಕೆ ಸೇರಿದೆ.

ಆಚಾರ್ಯರ ಸ್ಥಿತಿಯನ್ನು ಇಲ್ಲಿ ಸ್ವಲ್ಪ ಊಹಿಸಿಕೊಳ್ಳಬೇಕು. ಗುರುವಿನ ಮುಂದೆ ತಲೆಬಾಗುವುದು ಒಂದು ಮಟ್ಟದ ಪರೀಕ್ಷೆ. ಆ ಗುರುವಿನ ಶಿಷ್ಯರ ಮನೆಯ ಬಾಗಿಲಲ್ಲಿ ರೋಗಿಯಾಗಿ ನಿಲ್ಲುವುದು ಅದಕ್ಕಿಂತ ಕಠಿನವಾದ ಪರೀಕ್ಷೆ. ದಾಸರ ಪಂಕ್ತಿಯಲ್ಲಿ ಒಂದು ಹೊತ್ತು ಕುಳಿತು ಊಟ ಮಾಡಲು ಒಪ್ಪದಿದ್ದವರು ಈಗ ದಾಸರ ಮನೆಯ ಅನ್ನವನ್ನೇ ಔಷಧವೆಂದು ಬೇಡಬೇಕಾಯಿತು.

ಗೋಪಾಲದಾಸರು ಧನ್ವಂತರಿರೂಪಿಯಾದ ಶ್ರೀಹರಿಯನ್ನು ಪ್ರಾರ್ಥಿಸಿ, ಮಂತ್ರಿಸಿದ ಜೋಳದ ರೊಟ್ಟಿಯನ್ನು ಪ್ರಸಾದವಾಗಿ ಕೊಟ್ಟರು. ಎಷ್ಟೋ ದಿನಗಳಿಂದ ಮೆತ್ತಗಿನ ಅನ್ನವನ್ನೂ ತಾಳಿಕೊಳ್ಳದ ಉದರವು ಆ ರೊಟ್ಟಿಯನ್ನು ತಾಳಿಕೊಂಡಿತು. ಕ್ರಮೇಣ ಶೂಲೆಯು ಶಮನವಾಯಿತು. ಅಷ್ಟೇ ಅಲ್ಲ. ಆಚಾರ್ಯರಿಗೆ ಅಲ್ಪಾಯುಸ್ಸಿನ ಯೋಗವಿದ್ದುದನ್ನು ತಿಳಿದು, ಗುರುಗಳಾದ ವಿಜಯದಾಸರ ಅಪ್ಪಣೆಯಂತೆ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ 40 ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದು ಪರಂಪರೆಯು ಹೇಳುತ್ತದೆ. ಶ್ರೀ ವಿಜಯದಾಸರು 1755ರಲ್ಲಿ ಚಿಪ್ಪಗಿರಿಯಲ್ಲಿ ಹರಿಪುರವನ್ನು ಸೇರಿದರು. ಅವರ ಪ್ರಿಯಶಿಷ್ಯರಾದ ಗೋಪಾಲದಾಸರು ಚಿತ್ರಭಾನು ಸಂವತ್ಸರದಲ್ಲಿ, ಅಂದರೆ 1762–63ರಲ್ಲಿ, ನಲವತ್ತರ ಆಸುಪಾಸಿನಲ್ಲಿಯೇ ದೇಹವನ್ನು ಬಿಟ್ಟರು.

ತನ್ನ ಗುರುವನ್ನು ಅಲ್ಲಗಳೆದವನಿಗೆ ಆಯುಸ್ಸನ್ನು ಕೊಡುವುದೆಂದರೆ ಸಾಮಾನ್ಯವೇ? ನಮ್ಮ ಸಂಬಂಧಗಳಲ್ಲಿ ನಾವು ಒಂದು ಮಾತಿಗೆ ಒಂದು ಮಾತನ್ನು, ಒಂದು ಊಟಕ್ಕೆ ಒಂದು ಊಟವನ್ನು ಲೆಕ್ಕ ಹಾಕುತ್ತೇವೆ. ಬಾರದವರ ಮನೆಗೆ ನಾವೂ ಹೋಗುವುದಿಲ್ಲ. ಇಲ್ಲಿ ಬಾರದವರಿಗೆ ಅನ್ನವನ್ನೂ ಆಯುಸ್ಸನ್ನೂ ಕೊಟ್ಟರು. ಆಚಾರ್ಯರನ್ನು ನಿಜವಾಗಿ ಬದಲಾಯಿಸಿದುದು ವ್ಯಾಧಿಯಲ್ಲ, ಈ ಔದಾರ್ಯವೆಂದೇ ತೋರುತ್ತದೆ. ವ್ಯಾಧಿಯಿಂದ ಭಯವು ಹುಟ್ಟಬಹುದು. ತನ್ನನ್ನು ತಾನು ಇದ್ದಂತೆ ಕಾಣುವ ಧೈರ್ಯವು ಹುಟ್ಟುವುದು ಪ್ರೀತಿಯಿಂದಲೇ.

ಚಂದ್ರಭಾಗೆಯಲ್ಲಿ ಅಂಕಿತ

ಆರೋಗ್ಯವನ್ನು ಪಡೆದ ಶ್ರೀನಿವಾಸಾಚಾರ್ಯರು ತಮ್ಮನ್ನೂ ದಾಸಕೂಟಕ್ಕೆ ಸೇರಿಸಿಕೊಳ್ಳಬೇಕೆಂದು ಗೋಪಾಲದಾಸರನ್ನು ಪ್ರಾರ್ಥಿಸಿದರು. ಅವರು ಪಂಢರಪುರಕ್ಕೆ ಹೋಗಿ ಪಾಂಡುರಂಗನ ಅನುಗ್ರಹವನ್ನೇ ಬೇಡಬೇಕೆಂದು ತಿಳಿಸಿದರು. ಅದರಂತೆ ಪಂಢರಪುರಕ್ಕೆ ಹೋಗಿ ಚಂದ್ರಭಾಗೆಯಲ್ಲಿ ಸ್ನಾನಕ್ಕಿಳಿದು ಮುಳುಗಿ ಎದ್ದಾಗ, ಅವರ ತಲೆಯ ಮೇಲೆ ಒಂದು ಶಿಲೆಯು ಬಂದಿತ್ತು. ಅದರಲ್ಲಿ ಜಗನ್ನಾಥವಿಠಲ ಎಂಬ ಅಂಕಿತವು ಕೆತ್ತಲ್ಪಟ್ಟಿತ್ತು ಎಂಬುದು ಭಕ್ತರ ನಂಬಿಕೆ. ಅಂದಿನಿಂದ ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾದರು.

ಮುಂಬಯಿ ಪುಣೆಗಳಲ್ಲಿರುವ ನಾವು ಪಂಢರಪುರಕ್ಕೆ ಹೋಗಿಬರುವುದುಂಟು. ವಿಠಲನು ಮರಾಠಿ ಸಂತರಿಗೆಷ್ಟೋ ಕನ್ನಡದ ದಾಸರಿಗೂ ಅಷ್ಟೇ ಆಪ್ತನಾದವನು. ಚಂದ್ರಭಾಗೆಯ ಮೆಟ್ಟಿಲುಗಳ ಮೇಲೆ ನಿಂತಾಗ, ಇಲ್ಲಿ ಒಬ್ಬ ಪಂಡಿತನು ತನ್ನ ಹಳೆಯ ಹೆಸರನ್ನು ನೀರಿಗೆ ಬಿಟ್ಟು ಹೋದನೆಂಬುದನ್ನೂ ಒಮ್ಮೆ ನೆನೆಯಬೇಕು.

ಹರಿಕಥಾಮೃತಸಾರ

ಮಾನವಿಗೆ ಹಿಂದಿರುಗಿದ ದಾಸರು ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು, ತಾವು ಹಿಂದೆ ಯಾವುದನ್ನು ಹೀನವೆಂದು ಎಣಿಸಿದ್ದರೋ ಅದನ್ನೇ ಬದುಕಿನ ಮಾರ್ಗವನ್ನಾಗಿ ಮಾಡಿಕೊಂಡರು. ಅನೇಕ ಪದಗಳನ್ನೂ ಸುಳಾದಿಗಳನ್ನೂ ತತ್ತ್ವಸುವ್ವಾಲಿಯನ್ನೂ ರಚಿಸಿದರು. ಅವರ ಕೃತಿಗಳಿಗೆಲ್ಲ ಕಿರೀಟಪ್ರಾಯವಾದುದು ಹರಿಕಥಾಮೃತಸಾರ. ಗದುಗಿನ ಭಾರತದ ಮೂಲಕ ಕನ್ನಡಿಗರ ಕಿವಿಗೆ ಒಗ್ಗಿದ ಭಾಮಿನೀ ಷಟ್ಪದಿಯಲ್ಲಿ, 32 ಸಂಧಿಗಳಲ್ಲಿ, ಶ್ರೀಮದಾಚಾರ್ಯರ ಗ್ರಂಥಗಳ ಸಾರವನ್ನು ಅವರು ಸಂಗ್ರಹಿಸಿದರು. ಕೊನೆಯ ಫಲಶ್ರುತಿಯನ್ನು ರಚಿಸಿದವರು ಅವರ ಶಿಷ್ಯರಾದ ಶ್ರೀದವಿಠಲರು, ಅಂದರೆ ಕರ್ಜಗಿ ದಾಸಪ್ಪನವರು.

ಹಿಂದೆ ಕಲಿತ ಶಾಸ್ತ್ರವು ವ್ಯರ್ಥವಾಗಲಿಲ್ಲವೆಂಬುದನ್ನು ಗಮನಿಸಬೇಕು. ಆ ಪಾಂಡಿತ್ಯವಿಲ್ಲದಿದ್ದರೆ ಈ ಗ್ರಂಥವನ್ನು ಬರೆಯುವುದು ಸಾಧ್ಯವೇ ಇರಲಿಲ್ಲ. ದೋಷವಿದ್ದುದು ವಿದ್ಯೆಯಲ್ಲಿ ಅಲ್ಲ. ಅದು ತನ್ನದೆಂಬ ಭ್ರಮೆಯಲ್ಲಿ. ಭ್ರಮೆಯು ಹೋದಮೇಲೆ ಅದೇ ವಿದ್ಯೆಯು ಸಾವಿರಾರು ಮನೆಗಳಿಗೆ ಬೆಳಕಾಯಿತು. ಸಂಸ್ಕೃತವನ್ನು ಕಲಿಯುವ ಅವಕಾಶವಿಲ್ಲದ ಗೃಹಿಣಿಯರು, ರೈತರು, ಕರಣಿಕರು ಬಿಂಬಪ್ರತಿಬಿಂಬಭಾವವನ್ನೂ ತಾರತಮ್ಯವನ್ನೂ ತಮ್ಮ ಮಾತಿನಲ್ಲಿಯೇ ಅರಿಯುವಂತಾಯಿತು.

ಗ್ರಂಥದ ಕೆಲವು ಭಾಗಗಳನ್ನು ದಾಸರ ಜೀವನದ ಜೊತೆಯಲ್ಲಿಟ್ಟು ಓದಿದರೆ ವಿಶೇಷವಾದ ಅನುಭವವಾಗುತ್ತದೆ. ಪ್ರತಿಯೊಂದು ಸಂಧಿಗೂ ಮೊದಲು ಹಾಡುವ ಪಲ್ಲವಿಯಲ್ಲಿ ಅವರು ತಾವು ಹೇಳುವುದೆಲ್ಲವೂ ಗುರುಗಳ ಕರುಣೆಯಿಂದ ಬಂದುದು, ಅದೂ ತಮಗೆ ಆದಷ್ಟು ಮಾತ್ರ ಎಂದು ತಿಳಿಸುತ್ತಾರೆ. ಪಾರಾಯಣ ಮಾಡುವಾಗ ಬಾಯಿಪಾಠದ ವೇಗದಲ್ಲಿ ಇದನ್ನು ನಾವು ಕೇಳಿಸಿಕೊಳ್ಳುವುದೇ ಇಲ್ಲ. ಉತ್ತನೂರಿನ ರೊಟ್ಟಿಯನ್ನು ನೆನೆದರೆ ಅದು ಬರೀ ಶಿಷ್ಟಾಚಾರದ ವಿನಯವಲ್ಲವೆಂದು ತಿಳಿಯುತ್ತದೆ.

ಮಂಗಳಾಚರಣದ ನಂತರ ಬರುವುದು ಕರುಣಾಸಂಧಿ. ಭಕ್ತರ ಅಪರಾಧಗಳನ್ನು ಎಣಿಸದೆ ಭಗವಂತನು ಹೇಗೆ ಒಲಿಯುತ್ತಾನೆಂಬುದು ಅದರ ವಿಷಯ. ಸ್ವತಃ ಕ್ಷಮೆಯನ್ನು ಪಡೆದವರು ಮಾತ್ರ ಇಷ್ಟು ಆಪ್ತವಾಗಿ ಹೇಳಬಲ್ಲರು. ನಾಲ್ಕನೆಯದು ಭೋಜನರಸವಿಭಾಗಸಂಧಿ. ನಾವು ಉಣ್ಣುವ ಒಂದೊಂದು ಪದಾರ್ಥದಲ್ಲಿಯೂ ಭಗವಂತನ ಯಾವ ಯಾವ ರೂಪಗಳು ಸನ್ನಿಹಿತವಾಗಿವೆಯೆಂಬ ಅನುಸಂಧಾನವನ್ನು ಅಲ್ಲಿ ತಿಳಿಸಿಕೊಟ್ಟಿದ್ದಾರೆ. ಒಂದು ಊಟವನ್ನು ತಿರಸ್ಕರಿಸಿದವರ ಲೇಖನಿಯಿಂದಲೇ ಊಟವೆಂಬುದು ಯಜ್ಞವೆಂದು ತಿಳಿಸುವ ಸಂಧಿಯು ಹೊರಟಿತು. ಮುಂದೆ ಬರುವ ದತ್ತಸ್ವಾತಂತ್ರ್ಯಸಂಧಿಯಲ್ಲಿ ಜೀವನಿಗಿರುವ ಸ್ವಾತಂತ್ರ್ಯವು ಭಗವಂತನು ಕೊಟ್ಟದ್ದು, ಅವನದೇ ಆದುದಲ್ಲ ಎಂಬ ತತ್ತ್ವವು ನಿರೂಪಿತವಾಗಿದೆ. ಪಾಠದಲ್ಲಿ ಹೇಳಿ ಬದುಕಿನಲ್ಲಿ ಮರೆತಿದ್ದ ಮಾತನ್ನು ದಾಸರು ಈಗ ಬದುಕಿನಿಂದ ಕಲಿತು ಹಾಡಿದರು.

ಕೊನೆಯ ದಿನಗಳು

ದಾಸರು ದೀರ್ಘಕಾಲ ಬಾಳಿದರು. ಕರ್ಜಗಿ ದಾಸಪ್ಪನವರು, ಲಿಂಗಸೂಗೂರಿನ ಪ್ರಾಣೇಶದಾಸರು ಮೊದಲಾದವರು ಅವರ ಶಿಷ್ಯವರ್ಗದಲ್ಲಿ ಪ್ರಸಿದ್ಧರು. ದಾಸಪ್ಪನವರು ಮೊದಲು ಭೋಗಜೀವನದಲ್ಲಿ ಮುಳುಗಿದ್ದರೆಂದೂ, ದಾಸರೇ ಅವರನ್ನು ಸನ್ಮಾರ್ಗಕ್ಕೆ ತಂದರೆಂದೂ ಪ್ರತೀತಿ. ತಾನು ಹೇಗಿದ್ದೆನೆಂಬುದನ್ನು ಮರೆಯದವನು ದಾರಿತಪ್ಪಿದವರನ್ನು ಕಂಡು ಅಸಹ್ಯಪಡುವುದಿಲ್ಲ.

ಶುಕ್ಲ ಸಂವತ್ಸರದ ಭಾದ್ರಪದ ಶುದ್ಧ ನವಮಿಯಂದು, ಅಂದರೆ 1809ರಲ್ಲಿ, ತಮ್ಮ 81ನೆಯ ವಯಸ್ಸಿನಲ್ಲಿ ದಾಸರು ಮಾನವಿಯ ತಮ್ಮ ಮನೆಯಲ್ಲಿ ಹರಿಧ್ಯಾನಪರರಾಗಿ ಇಹಲೋಕವನ್ನು ತ್ಯಜಿಸಿದರು. ಆ ಮನೆಯ ಸ್ತಂಭದಲ್ಲಿ ಅವರ ಸನ್ನಿಧಾನವಿದೆಯೆಂಬ ವಿಶ್ವಾಸದಿಂದ ಇಂದಿಗೂ ಭಕ್ತರು ಅದಕ್ಕೆ ಸೇವೆಯನ್ನು ಸಲ್ಲಿಸುತ್ತಾರೆ. ಸಂಪ್ರದಾಯವು ಅವರನ್ನು ಪ್ರಹ್ಲಾದನ ಸಹೋದರನಾದ ಸಹ್ಲಾದನ ಅಂಶಸಂಭೂತರೆಂದು ಗೌರವಿಸುತ್ತದೆ. ಪ್ರಹ್ಲಾದನಿಗಾಗಿ ಶ್ರೀನರಸಿಂಹನು ಸ್ತಂಭದಿಂದ ಹೊರಬಂದುದನ್ನೂ ಆ ಸಹೋದರನ ಸನ್ನಿಧಾನವು ಸ್ತಂಭದಲ್ಲಿ ನೆಲೆನಿಂತುದನ್ನೂ ಭಕ್ತರು ಒಟ್ಟಿಗೆ ನೆನೆಯುತ್ತಾರೆ.

ನಮ್ಮ ಮನೆಗಳಲ್ಲಿ

ಇಂತಹ ದೇವಾಂಶಸಂಭೂತರು ಸುಳ್ಳು ಹೇಳುವುದುಂಟೇ ಎಂದು ಕೆಲವರು ಕೇಳುತ್ತಾರೆ. ಅದೆಲ್ಲವೂ ಲೋಕಶಿಕ್ಷಣಕ್ಕಾಗಿ ನಡೆದ ಲೀಲೆ ಎಂದು ಹಿರಿಯರು ಉತ್ತರಿಸಿದ್ದಾರೆ. ಉತ್ತರವು ಯುಕ್ತವಾದುದೇ. ಆದರೆ ಅದನ್ನು ಕೇಳಿ ನಿಶ್ಚಿಂತರಾಗುವಂತಿಲ್ಲ. ಅದು ಲೋಕಶಿಕ್ಷಣವೇ ಆದರೆ, ಶಿಕ್ಷಣವನ್ನು ಪಡೆಯಬೇಕಾದ ಲೋಕವು ನಾವೇ ಅಲ್ಲವೇ?

ಊರನ್ನು ಬಿಟ್ಟು ಬಂದ ನಮ್ಮ ಬದುಕಿನಲ್ಲಿ ನೆಪಗಳಿಗೆ ಕೊರತೆಯಿಲ್ಲ. ಬಡ ಬಂಧುವಿನ ಮನೆಯ ಉಪನಯನಕ್ಕೆ ಕರೆ ಬಂದಾಗ ಕಚೇರಿಯಲ್ಲಿ ರಜೆ ಸಿಗಲಿಲ್ಲವೆನ್ನುತ್ತೇವೆ. ಶ್ರೀಮಂತ ಬಂಧುವಿನ ಮನೆಯ ಮದುವೆಗೆ ಅದೇ ರಜೆಯು ಸಿಗುತ್ತದೆ. ಊರಿನಲ್ಲಿ ಒಂಟಿಯಾಗಿರುವ ತಾಯಿಗೆ ದೂರವಾಣಿಯಲ್ಲಿ ಮುಂದಿನ ತಿಂಗಳು ಬರುತ್ತೇನೆಂದು ಹೇಳಿ, ಆ ತಿಂಗಳು ಬಂದಾಗ ಮಕ್ಕಳ ಪರೀಕ್ಷೆಯನ್ನು ಮುಂದೆ ಮಾಡುತ್ತೇವೆ. ಆಕೆಯೂ ತನಗೇನೂ ತೊಂದರೆಯಿಲ್ಲವೆಂದು ನಮಗೆ ಸುಳ್ಳು ಹೇಳುತ್ತಾಳೆ. ನಾವು ಅದನ್ನು ನಂಬಿದಂತೆ ಇರುತ್ತೇವೆ. ಕನ್ನಡವನ್ನು ಕಲಿಸಲು ಸಮಯವಿಲ್ಲವೆಂದು ಮಕ್ಕಳ ವಿಷಯದಲ್ಲಿ ಹೇಳುತ್ತೇವೆ. ದಾಸರ ಪದಗಳನ್ನು ಹಾಡುವುದು ಹಳಬರ ಕೆಲಸವೆಂಬ ಭಾವನೆಯು ಆ ಮಾತಿನ ಹಿಂದೆ ಅಡಗಿದೆಯೇ ಎಂದು ನಮ್ಮನ್ನು ನಾವು ಕೇಳಿಕೊಳ್ಳುವುದಿಲ್ಲ.

ಇವುಗಳಲ್ಲಿ ಪ್ರತಿಯೊಂದೂ ಸಣ್ಣ ಮಾತು. ಪ್ರತಿಯೊಂದಕ್ಕೂ ಕಾರಣವುಂಟು. ನಿಜವಾದ ಅಡಚಣೆಗಳೂ ಇರುತ್ತವೆ. ನಗರದ ಬದುಕು ಸುಲಭವಾದುದಲ್ಲ. ಆದರೆ ಬಹಳ ದಿನ ಹೇಳಿದ ನೆಪವು ನೆಪವಾಗಿಯೇ ಉಳಿಯುವುದಿಲ್ಲ. ಬಿಡುವಿಲ್ಲವೆಂದು ಹತ್ತು ವರ್ಷ ಹೇಳಿದವನಿಗೆ ಕೊನೆಗೆ ನಿಜವಾಗಿಯೂ ಬಿಡುವು ಇರುವುದಿಲ್ಲ. ಬರಲಾಗದೆಂದು ಹೇಳುತ್ತ ಬಂದವನಿಗೆ ಹೋಗಲು ಮನೆಯೇ ಉಳಿದಿರುವುದಿಲ್ಲ. ಮಾನವಿಯ ಆಚಾರ್ಯರಿಗೆ ಹೊಟ್ಟೆಯಲ್ಲಿ ಬಂದ ವ್ಯಾಧಿಯು ನಮಗೆ ಸಂಬಂಧಗಳಲ್ಲಿ ಬರುತ್ತದೆ. ಅನ್ನವು ಎದುರಿಗಿದ್ದರೂ ಸೇರದಂತೆ, ಬಂಧುಗಳು ಇದ್ದರೂ ಇಲ್ಲದಂತಾಗುತ್ತಾರೆ.

ಚಿಕಿತ್ಸೆಯನ್ನೂ ಈ ಚರಿತ್ರೆಯೇ ತೋರಿಸಿದೆ. ನಾವು ಯಾರಿಗೆ ನೆಪ ಹೇಳಿದೆವೋ ಅವರಲ್ಲಿಗೇ ಹೋಗಬೇಕು. ಮಠಕ್ಕೆ ಕಾಣಿಕೆಯನ್ನು ಸಲ್ಲಿಸಿದರೆ, ಕ್ಷೇತ್ರಯಾತ್ರೆಯನ್ನು ಮಾಡಿದರೆ ಪುಣ್ಯವು ಬರುತ್ತದೆ, ಸಂದೇಹವಿಲ್ಲ. ಆದರೆ ಕರೆದು ಕಾದು ಕುಳಿತವರ ಮನೆಯ ಬಾಗಿಲನ್ನು ಅದು ತಟ್ಟಲಾರದು. ಕರೆಯಲು ಬಂದು ಬರಿಗೈಯಿಂದ ಹಿಂದಿರುಗಿದವರ ಪಾಲಿಗೂ ಇಲ್ಲಿ ಪಾಠವಿದೆ. ನೆಪವನ್ನು ನೆಪವೆಂದು ತಿಳಿದರೂ ವಿಜಯದಾಸರು ಊರೆಲ್ಲ ಹೇಳಿಕೊಂಡು ತಿರುಗಲಿಲ್ಲ. ಬಂದಾಗ ಬಾಗಿಲನ್ನು ತೆರೆದರು. ತಪ್ಪಿದವನು ಹಿಂದಿರುಗಿ ಬರಬೇಕಾದರೆ ಅಂತಹ ಬಾಗಿಲೊಂದು ಇರಬೇಕು.

ಈ ವರ್ಷದ ಆರಾಧನೆಯಂದು ಹರಿಕಥಾಮೃತಸಾರದ ಪಾರಾಯಣಕ್ಕೆ ಕುಳಿತಾಗ, ಗುರುಗಳ ಕರುಣೆಯನ್ನು ಸ್ಮರಿಸುವ ಆ ಪಲ್ಲವಿಯನ್ನು ನಿಧಾನವಾಗಿ ಹಾಡೋಣ. ಪಾರಾಯಣವು ಮುಗಿದ ಮೇಲೆ, ಬಹುದಿನಗಳಿಂದ ಹೋಗದೆ ಉಳಿದ ಒಂದು ಮನೆಗಾದರೂ ಹೋಗಿ, ಅವರು ಬಡಿಸಿದ್ದನ್ನು ಸಂತೋಷದಿಂದ ಉಂಡು ಬರೋಣ. ಶ್ರೀ ಜಗನ್ನಾಥದಾಸರ ಅಂತರ್ಗತನಾದ ಶ್ರೀಹರಿಯು ನಮ್ಮ ಮಾತು ಮನಸ್ಸುಗಳನ್ನು ಒಂದಾಗಿಸಲಿ ಎಂದು ಪ್ರಾರ್ಥಿಸೋಣ.

ಶ್ರೀಕೃಷ್ಣಾರ್ಪಣಮಸ್ತು